ರೈಫಲ್ ಕೊಳ್ಳಬಹುದು, ರಿಸೀವರ್ ಕೊಳ್ಳುವಂತಿಲ್ಲ: ಅಮೆರಿಕದ ಈ ಗೊಂದಲ ನಮ್ಮ ಮಕ್ಕಳನ್ನೂ ಬಿಡುವುದಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಎಲ್ಲಾದರೂ ಗುಂಡಿನ ದಾಳಿ ನಡೆದರೆ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಬರಲೇಬೇಕು. ಆದರೆ ಸುದ್ದಿಯಾಗದ ಇನ್ನೊಂದು ತೊಂದರೆ ಇಲ್ಲಿದೆ. ಕಾನೂನು ಪಾಲಿಸುವ ಮನಸ್ಸಿದ್ದವರಿಗೂ ಯಾವ ಕಾನೂನು ಪಾಲಿಸಬೇಕು ಅಂತ ತಿಳಿಯುವುದಿಲ್ಲ. ರೈಫಲ್‌ನ ರಿಸೀವರ್ ಎಂಬ ಒಂದೇ ಒಂದು ಭಾಗದ ವಿಷಯದಲ್ಲಿ ಈ ಗೊಂದಲ ಎಲ್ಲಕ್ಕಿಂತ ಜಾಸ್ತಿ. ಮಕ್ಕಳನ್ನು ಓದಿಗೋ ಕೆಲಸಕ್ಕೋ ಇಲ್ಲಿಗೆ ಕಳಿಸಿರುವ ಓದುಗರು ನಿಮಗೆ ಬಹಳ ಮಂದಿ ಇದ್ದಾರೆ. ಅವರಿಗೆ ತಿಳಿಯಲಿ ಅಂತಲೇ ಈ ಪತ್ರ.

ನಾನು ಕೊಡಗಿನವಳು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವ ಮನೆಯಲ್ಲಿ ಬೆಳೆದವಳು. ಈಗ ನಮ್ಮ ಸಂಸಾರ ಇರುವುದು ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯಲ್ಲಿ. ಎಲ್ಲರೂ ಇಲ್ಲಿನ ಪ್ರಜೆಗಳು. ನಾನು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಜಿಂಕೆ ಬೇಟೆಯ ಸೀಸನ್ ಶುರುವಾದರೆ ನಮ್ಮ ಯಜಮಾನರನ್ನು ಮನೆಯಲ್ಲಿ ಹಿಡಿಯಲಿಕ್ಕಾಗುವುದಿಲ್ಲ. ಕೋವಿ ಕಂಡರೆ ಹೆದರುವ ಮನೆ ನಮ್ಮದಲ್ಲ. ಹಾಗಂತ ನಿಯಮವೇ ಬೇಡ ಎನ್ನುವವರೂ ನಾವಲ್ಲ.

ಮೊದಲು ಈ ರಿಸೀವರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ರೈಫಲ್‌ನಲ್ಲಿ ಬ್ಯಾರಲ್ (ನಳಿಕೆ), ಬೋಲ್ಟ್, ಟ್ರಿಗರ್, ಸ್ಟಾಕ್ (ಹೆಗಲಿಗೆ ಒರಗಿಸುವ ಹಿಂಭಾಗ) ಎಲ್ಲವೂ ಬಂದು ಸೇರಿಕೊಳ್ಳುವ ನಡುವಿನ ಭಾಗ ಅದು. ಇಲ್ಲಿ ತುಂಬಾ ಮಾರಾಟವಾಗುವ ಎಆರ್-15 ಮಾದರಿಯಲ್ಲಿ ಅದು ಎರಡು ತುಂಡು. ಮೇಲಿನದು ಅಪ್ಪರ್, ಕೆಳಗಿನದು ಲೋವರ್. ಬರೀ ಲೋವರ್ ಒಂದನ್ನೇ ಕೈಗೆತ್ತಿಕೊಂಡರೆ ಕೋವಿ ಹಿಡಿದಂತೆ ಅನ್ನಿಸುವುದೇ ಇಲ್ಲ. ಕಪ್ಪು ಬಣ್ಣದ ಅಲ್ಯೂಮಿನಿಯಂ ತುಂಡು. ತೂಕ ಸುಮಾರು ಕಾಲು ಕಿಲೋ. ಮ್ಯಾಗಜೀನ್ ಕೂರುವ ಚೌಕದ ಬಾಯಿ, ಟ್ರಿಗರ್ ಕೂರುವ ಗೂಡು, ಪಿನ್ನಿಗೆ ಅಲ್ಲಲ್ಲಿ ತೂತು. ಎಡಮಗ್ಗುಲಲ್ಲಿ ತಯಾರಕರ ಹೆಸರು, ಊರು, ಕೆಳಗೆ ಸೀರಿಯಲ್ ನಂಬರ್. ಗುಂಡಿನ ಅಳತೆ ಇರಬೇಕಾದ ಕಡೆ ಎಷ್ಟೋ ಸಲ ‘ಮಲ್ಟಿ’ ಅಂತ ಮಾತ್ರ ಇರುತ್ತದೆ. ಅದಕ್ಕೆ ಯಾವ ಬ್ಯಾರಲ್ ಬರುತ್ತದೆ ಅಂತ ಮಾಡಿದವರಿಗೂ ಗೊತ್ತಿರುವುದಿಲ್ಲ.

ಆದರೆ ಕಾನೂನಿನ ಕಣ್ಣಿಗೆ ಕೋವಿ ಅಂದರೆ ಇದೇ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಫ್ರೇಮ್ (ಪಿಸ್ತೂಲಿನಲ್ಲಿ ಇದೇ ಭಾಗದ ಹೆಸರು) ಅಥವಾ ರಿಸೀವರ್ ಒಂದೇ ಇದ್ದರೂ ಅದು ಬಂದೂಕು. ಬ್ಯಾರಲ್, ಸ್ಟಾಕ್, ಟ್ರಿಗರ್, ಅಪ್ಪರ್ ಇವೆಲ್ಲ ಬಿಡಿಭಾಗ. ಬಹುಪಾಲು ರಾಜ್ಯಗಳಲ್ಲಿ ಇವನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು, ಯಾರೂ ಏನೂ ಕೇಳುವುದಿಲ್ಲ. ರಿಸೀವರ್ ಅನ್ನು ಮಾತ್ರ ಹಾಗೆ ತರಿಸುವಂತಿಲ್ಲ, ಅದು ಲೈಸೆನ್ಸ್ ಇರುವ ಡೀಲರ್ ಮೂಲಕವೇ ಕೈಸೇರಬೇಕು. 4473 ಎಂಬ ಫಾರಂ ತುಂಬಬೇಕು, ಬ್ಯಾಕ್‌ಗ್ರೌಂಡ್ ಚೆಕ್, ಅಂದರೆ ಕೊಳ್ಳುವವರ ಪೂರ್ವಾಪರದ ಪರಿಶೀಲನೆ, ಆಗಬೇಕು. ಇಲ್ಲಿಯವರೆಗೆ ಸರಿ. ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ನಮ್ಮ ಮಗನಿಗೆ ಈಗ 19. ಟಾರ್ಗೆಟ್ ಶೂಟಿಂಗ್‌ನಲ್ಲಿ ಆಸಕ್ತಿ. ತನ್ನ ರೈಫಲ್ ತಾನೇ ಜೋಡಿಸಬೇಕು ಅಂತ ಆಸೆ. ಅಪ್ಪ ಮಗನ ಜೊತೆ ನಾನೂ ಅಂಗಡಿಗೆ ಹೋದೆ. ಕೌಂಟರ್‌ನಲ್ಲಿದ್ದವರು ಹಿರಿಯರು, ತಾಳ್ಮೆಯ ಮನುಷ್ಯ. ಗೋಡೆಯ ಮೇಲೆ ತೂಗುಹಾಕಿದ್ದ ಪೂರ್ತಿ ರೈಫಲ್ ತೋರಿಸಿ, ‘ಇದನ್ನು ನಿನಗೆ ಕೊಡಬಹುದು’ ಅಂದರು. ಆಮೇಲೆ ಗಾಜಿನ ಕೆಳಗಿದ್ದ ಬರೀ ಲೋವರ್ ತೋರಿಸಿ, ‘ಇದನ್ನು ಕೊಡುವ ಹಾಗಿಲ್ಲ. 21 ಆಗಬೇಕು’ ಅಂದರು. ಮಗ ನನ್ನ ಮುಖ ನೋಡಿದ. ‘ಅಮ್ಮ, ಅದರ ಒಳಗೆ ಇರೋದೂ ಇದೇ ಅಲ್ವಾ?’ ಅಂದ.

ಇದೇ. ಆದರೆ ಫೆಡರಲ್, ಅಂದರೆ ಕೇಂದ್ರದ, ಕಾನೂನಿನಲ್ಲಿ ರೈಫಲ್ ಮತ್ತು ಶಾಟ್‌ಗನ್‌ಗಳನ್ನು ಡೀಲರ್ 18 ತುಂಬಿದವರಿಗೆ ಮಾರಬಹುದು. ಬೇರೆ ಎಲ್ಲ ಬಂದೂಕಿಗೂ 21 ಆಗಬೇಕು. ಬರೀ ರಿಸೀವರ್ ಇನ್ನೂ ರೈಫಲ್ ಆಗಿಲ್ಲ. ಅದರಿಂದ ಪಿಸ್ತೂಲು ಮಾಡಲೂಬಹುದು. ಹಾಗಾಗಿ ಫಾರಂನಲ್ಲಿ ಅದಕ್ಕೆ ‘ಇತರ ಬಂದೂಕು’ ಅಂತ ಬೇರೆಯೇ ಚೌಕ. ಇತರ ಅಂದ ಮೇಲೆ 21. ಪೂರ್ತಿ ರೈಫಲ್ ಕೊಂಡು, ಮನೆಗೆ ತಂದು, ಪಿನ್ ತೆಗೆದು ಬಿಚ್ಚಿದರೆ ಅದೇ ಲೋವರ್ ಅದೇ ಹುಡುಗನ ಕೈಯಲ್ಲಿರುತ್ತದೆ. ಅದಕ್ಕೆ ಅಡ್ಡಿಯಿಲ್ಲ. ಕಾರಣ ಕೇಳಿದರೆ ಸಾಲುಸಾಲಾಗಿ ಅರ್ಥವಾಗುತ್ತದೆ. ಒಟ್ಟಿಗೆ ಇಟ್ಟು ನೋಡಿದರೆ ಅರ್ಥವಾಗುವುದಿಲ್ಲ.

‘ಹಾಗಾದರೆ ಅಪ್ಪ ತಗೊಂಡು ಕೊಡಲಿ’ ಅಂತ ಯಾರಿಗಾದರೂ ಅನ್ನಿಸುತ್ತದೆ. ಅಲ್ಲೂ ಹುಷಾರಾಗಿರಬೇಕು. ನಿಜವಾದ ಕೊಳ್ಳುವವರು ನೀವೇನಾ ಅಂತ ಫಾರಂ ಕೇಳುತ್ತದೆ. ಮಗನ ದುಡ್ಡು ತೆಗೆದುಕೊಂಡು, ಮಗನಿಗೋಸ್ಕರ ಕೊಂಡು, ‘ನನಗೇ’ ಅಂತ ಬರೆದರೆ ಅದು ಅಪರಾಧ. ಸ್ವಂತ ದುಡ್ಡಿನಲ್ಲಿ ಕೊಂಡು ಉಡುಗೊರೆ ಕೊಡುವುದು ಬೇರೆ ಮಾತು. ಒಬ್ಬರು ತಮ್ಮ ಅಂಕಲ್‌ಗಾಗಿ ಕೊಂಡು ಕೊಟ್ಟ ಪ್ರಕರಣವೂ ಸುಪ್ರೀಂ ಕೋರ್ಟ್ ತನಕ ಹೋಗಿ, 2014ರಲ್ಲಿ ಕೊಂಡವರ ವಿರುದ್ಧವೇ ತೀರ್ಪು ಬಂದಿದೆ. ನಮ್ಮ ಮನೆಗಳಲ್ಲಿ ಅಪ್ಪನ ದುಡ್ಡು ಯಾವುದು, ಮಗನ ದುಡ್ಡು ಯಾವುದು ಅಂತ ಯಾರು ಲೆಕ್ಕ ಇಡುತ್ತಾರೆ? ಅಲ್ಲೇ ಸಿಕ್ಕಿಬೀಳುವುದು.

ಇಷ್ಟು ಹೇಳಿದ್ದು ಇಡೀ ದೇಶಕ್ಕೆ ಒಂದೇ ಇರುವ ಕಾನೂನು. ಇದರ ಮೇಲೆ ರಾಜ್ಯದ ಕಾನೂನು ಕೂರುತ್ತದೆ.

ನಮ್ಮ ಮನೆ ಡೆಲವೇರ್ ನದಿಗೆ ಹತ್ತಿರ. ಸೇತುವೆ ದಾಟಿದರೆ ಟ್ರೆಂಟನ್, ನ್ಯೂಜೆರ್ಸಿಯ ರಾಜಧಾನಿ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಎಷ್ಟೋ ಮಂದಿ ದಿನಾ ಆ ಸೇತುವೆ ಮೇಲೆ ಓಡಾಡುತ್ತಾರೆ. ತರಕಾರಿಗೆ ಆ ಕಡೆ, ದೇವಸ್ಥಾನಕ್ಕೆ ಆ ಕಡೆ, ಸ್ನೇಹಿತರ ಮನೆಗೆ ಆ ಕಡೆ. ಕೋವಿಯ ವಿಷಯದಲ್ಲಿ ಮಾತ್ರ ಆ ನದಿ ಸಮುದ್ರ ಇದ್ದ ಹಾಗೆ. ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಕೊಳ್ಳಲು ಮೊದಲೇ ಪರವಾನಗಿ ಬೇಕಿಲ್ಲ, ಚೆಕ್ ಪಾಸಾದರೆ ಸಾಕು. ನ್ಯೂಜೆರ್ಸಿಯಲ್ಲಿ ಮೊದಲು ಪೊಲೀಸರ ಮೂಲಕ ಗುರುತಿನ ಕಾರ್ಡ್ ಮಾಡಿಸಬೇಕು. ಅಲ್ಲಿ 1990ರಿಂದಲೇ ಕೆಲವು ರೈಫಲ್‌ಗಳಿಗೆ ನಿಷೇಧ ಇದೆ. 2018ರ ಕೊನೆಯಲ್ಲಿ ಇನ್ನೊಂದು ಕಾನೂನು ಬಂತು. ಸೀರಿಯಲ್ ನಂಬರ್ ಇಲ್ಲದ ಬಂದೂಕು ಮಾಡಿಕೊಳ್ಳಲು ಭಾಗಗಳನ್ನು ಕೊಳ್ಳುವುದೇ ಅಲ್ಲಿ ಅಪರಾಧ. ಜೋಡಿಸುವ ತನಕ ಕಾಯುವುದೂ ಇಲ್ಲ.

ಇನ್ನೊಂದು ವಿಷಯ ನೋಡಿ. ನ್ಯೂಜೆರ್ಸಿಯವರು ಈ ಕಡೆ ಬಂದು, ಎರಡೂ ರಾಜ್ಯದ ಕಾನೂನಿಗೆ ಹೊಂದುವ ಪೂರ್ತಿ ರೈಫಲ್ ಆದರೆ ಇಲ್ಲಿನ ಡೀಲರ್ ಹತ್ತಿರ ಕೊಳ್ಳಲು ಫೆಡರಲ್ ಕಾನೂನು ಬಿಡುತ್ತದೆ. ಬರೀ ರಿಸೀವರ್ ಆದರೆ ಬಿಡುವುದಿಲ್ಲ. ಅದನ್ನು ತಮ್ಮ ರಾಜ್ಯದ ಡೀಲರ್‌ಗೆ ಕಳಿಸಿ ಅಲ್ಲೇ ಪಡೆಯಬೇಕು. ಮತ್ತದೇ ಕಥೆ, ರಿಸೀವರ್ ಇನ್ನೂ ರೈಫಲ್ ಆಗಿಲ್ಲ ಅನ್ನುವುದು.

ದಕ್ಷಿಣಕ್ಕೆ ಹೋದರೆ ಡೆಲವೇರ್ ರಾಜ್ಯ. ಅಲ್ಲಿ 2021ರಲ್ಲಿ ನಂಬರ್ ಇಲ್ಲದ ಮತ್ತು ಅರ್ಧ ತಯಾರಾದ ರಿಸೀವರ್‌ಗಳ ಮೇಲೆ ಕಾನೂನು ತಂದರು. ಮರುವರ್ಷ ಫೆಡರಲ್ ನ್ಯಾಯಾಧೀಶರು ಅದರ ಕೆಲವು ಭಾಗಕ್ಕೆ ತಡೆ ಕೊಟ್ಟರು. ನಮ್ಮ ಪೆನ್ಸಿಲ್ವೇನಿಯಾದ ಕಥೆಯೂ ಹೀಗೇ. ಆಗ ಅಟಾರ್ನಿ ಜನರಲ್ ಆಗಿದ್ದ ಜೋಶ್ ಶಪೀರೊ 2019ರ ಡಿಸೆಂಬರ್‌ನಲ್ಲಿ, ಅರ್ಧ ತಯಾರಾದ ರಿಸೀವರ್ ಕೂಡ ಬಂದೂಕೇ ಅಂತ ಅಭಿಪ್ರಾಯ ಕೊಟ್ಟರು. ಮುಂದಿನ ತಿಂಗಳೇ ರಾಜ್ಯದ ಕಾಮನ್‌ವೆಲ್ತ್ ಕೋರ್ಟ್ ಅದಕ್ಕೆ ತಡೆ ಹಾಕಿತು. ಡಿಸೆಂಬರ್‌ನಲ್ಲಿ ಬಂದೂಕು, ಫೆಬ್ರವರಿಯಲ್ಲಿ ಬರೀ ಲೋಹ. ಸಾಮಾನ್ಯ ಮನುಷ್ಯ ಪ್ರತಿ ತಿಂಗಳು ಕೋರ್ಟಿನ ಆದೇಶ ಓದಿಕೊಂಡು ಕೂರಬೇಕೇ?

ಅರ್ಧ ತಯಾರಾದದ್ದು ಅಂದೆ. ಇಲ್ಲಿನವರು ಅದನ್ನು ‘80 ಪರ್ಸೆಂಟ್’ ಅನ್ನುತ್ತಾರೆ. ಅಚ್ಚಿನ ಕೆಲಸ ಮುಗಿದಿರುತ್ತದೆ, ಕೊನೆಯ ಕೆಲಸ ಬಾಕಿ ಇರುತ್ತದೆ, ನಂಬರ್ ಇರುವುದಿಲ್ಲ. ಬಹಳ ಕಾಲ ಅದು ಕಾನೂನಿನ ಹೊರಗೇ ಇತ್ತು. ತನ್ನ ಬಳಕೆಗೆ ತಾನೇ ಕೋವಿ ಮಾಡಿಕೊಳ್ಳಲು ಫೆಡರಲ್ ಕಾನೂನಿನಲ್ಲಿ ಲೈಸೆನ್ಸ್ ಬೇಕಿಲ್ಲ, ಮಾರುವ ವ್ಯಾಪಾರ ಮಾಡುವಂತಿಲ್ಲ ಅಷ್ಟೆ. ಹವ್ಯಾಸದವರಿಗೆ ಅದೊಂದು ಖುಷಿ. ಆದರೆ ಅದೇ ದಾರಿಯಲ್ಲಿ ಚೆಕ್ ಪಾಸಾಗದವರೂ ಬಂದರು. 2019ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲರಿಟಾದ ಸಾಗಸ್ ಹೈಸ್ಕೂಲಿನಲ್ಲಿ 16 ವರ್ಷದ ಹುಡುಗ ಕಿಟ್‌ನಿಂದ ಮಾಡಿದ ಪಿಸ್ತೂಲಿನಿಂದ ಇಬ್ಬರು ಮಕ್ಕಳನ್ನು ಕೊಂದ. ಅದನ್ನು ಓದಿದ ದಿನ ನಾನು ಮಗನ ಶಾಲೆಗೆ ಬೇಗನೇ ಹೋಗಿ ಗೇಟಿನ ಹತ್ತಿರ ನಿಂತಿದ್ದೆ. ಸೀರಿಯಲ್ ನಂಬರ್ ಬೇಕು, ಚೆಕ್ ಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ನನ್ನ ತಕರಾರು ನಿಯಮ ಬರೆದ ರೀತಿಯ ಮೇಲೆ. ನಮ್ಮ ಕಾರ್ಖಾನೆಯಲ್ಲಿ ಒಂದು ಡ್ರಾಯಿಂಗ್ ಬಂದರೆ ಅದನ್ನು ಓದುವ ಹತ್ತು ಜನರಿಗೂ ಒಂದೇ ಅಳತೆ ಸಿಗಬೇಕು. ಸಿಗದಿದ್ದರೆ ಡ್ರಾಯಿಂಗ್ ವಾಪಸ್ ಕಳಿಸುತ್ತೇವೆ, ಕೆಲಸಗಾರನನ್ನು ಬೈಯುವುದಿಲ್ಲ. ರಿಸೀವರ್‌ನ ಹಳೆಯ ವ್ಯಾಖ್ಯೆ ನೋಡಿ. ಹ್ಯಾಮರ್, ಬೋಲ್ಟ್ ಮತ್ತು ಗುಂಡು ಹಾರಿಸುವ ಭಾಗಗಳು ಕೂರುವ ಜಾಗ ಅಂತ ಅದರಲ್ಲಿತ್ತು. ಎಆರ್-15ರಲ್ಲಿ ಹ್ಯಾಮರ್ ಇರುವುದು ಲೋವರ್‌ನಲ್ಲಿ, ಬೋಲ್ಟ್ ಇರುವುದು ಅಪ್ಪರ್‌ನಲ್ಲಿ. ಅಂದರೆ ದೇಶದಲ್ಲಿ ಲಕ್ಷಗಟ್ಟಲೆ ಮಾರಾಟವಾದ ರೈಫಲ್‌ನ ಯಾವ ತುಂಡೂ ವ್ಯಾಖ್ಯೆಗೆ ಪೂರ್ತಿ ಹೊಂದುತ್ತಿರಲಿಲ್ಲ. 2019ರಲ್ಲಿ ಒಹಾಯೊದ ಫೆಡರಲ್ ಕೋರ್ಟ್ ಇದೇ ಕಾರಣಕ್ಕೆ ಒಂದು ಪ್ರಕರಣವನ್ನು ಕೈಬಿಟ್ಟಿತು. ಸರಕಾರ ಎಚ್ಚೆತ್ತುಕೊಂಡಿದ್ದು ಆಮೇಲೆ. ಬಂದೂಕಿನ ಉಸ್ತುವಾರಿ ನೋಡುವ ಫೆಡರಲ್ ಸಂಸ್ಥೆ ಎಟಿಎಫ್ ಹೊಸ ನಿಯಮ ಮಾಡಿತು. 2022ರ ಆಗಸ್ಟ್ 24ರಿಂದ ಅದು ಜಾರಿಗೆ ಬಂತು. ಅದರಲ್ಲಿ ಎಆರ್-15ರ ಲೋವರೇ ರಿಸೀವರ್ ಅಂತ ಹೆಸರು ಹಿಡಿದು ಬರೆದರು. ಸುಲಭವಾಗಿ ಪೂರ್ತಿ ಮಾಡಬಹುದಾದ ಕಿಟ್ ಕೂಡ ಬಂದೂಕು ಅಂದರು. ಅದನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮಾರ್ಚ್ 26ರಂದು ನ್ಯಾಯಮೂರ್ತಿ ಗೋರ್ಸಚ್ ಬರೆದ ತೀರ್ಪಿನಲ್ಲಿ ಏಳು ಮಂದಿ ನಿಯಮದ ಪರ, ಇಬ್ಬರು ವಿರುದ್ಧ. ನಿಯಮ ಉಳಿಯಿತು. ಆದರೆ ಎಷ್ಟು ಕೆಲಸ ಬಾಕಿ ಇದ್ದರೆ ಬರೀ ಲೋಹ, ಎಷ್ಟು ಕಮ್ಮಿಯಾದರೆ ಬಂದೂಕು ಎಂಬ ಗೆರೆ ಇವತ್ತಿಗೂ ಒಬ್ಬ ಹವ್ಯಾಸಿಗೆ ಅಳೆದು ನೋಡುವ ಹಾಗೆ ಎಲ್ಲೂ ಬರೆದಿಲ್ಲ.

ಅಳತೆ ಬರೆದಿರುವ ಕಡೆಯೂ ಎಚ್ಚರ ಬೇಕು. ರೈಫಲ್ ಆಗಿ ಜೋಡಿಸಿದ ರಿಸೀವರ್‌ಗೆ 16 ಇಂಚಿಗಿಂತ ಗಿಡ್ಡ ಬ್ಯಾರಲ್ ಹಾಕಿದರೆ ಅದು 1934ರ ಇನ್ನೊಂದು ಕಾನೂನಿನ ಕೆಳಗೆ ಬರುತ್ತದೆ, ಮೊದಲೇ ನೋಂದಣಿ ಬೇಕು. ಇದಕ್ಕೆ ಕಟ್ಟಬೇಕಿದ್ದ 200 ಡಾಲರ್ ತೆರಿಗೆಯನ್ನು 2026ರ ಜನವರಿಯಿಂದ ತೆಗೆದಿದ್ದಾರೆ. ತೆರಿಗೆ ಹೋಯಿತು ಅಂತ ಕೇಳಿ ನೋಂದಣಿಯೂ ಹೋಯಿತು ಅಂದುಕೊಂಡವರನ್ನು ನಾನೇ ನೋಡಿದ್ದೇನೆ. ಅದು ಹೋಗಿಲ್ಲ.

ಬೇರೆ ರಾಜ್ಯಗಳ ಕಥೆ ಬೇಗ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಸ್ವಂತಕ್ಕೆ ಕೋವಿ ಮಾಡಿಕೊಳ್ಳುವವರು ಮೊದಲೇ ರಾಜ್ಯದಿಂದ ನಂಬರ್ ಪಡೆಯಬೇಕು ಎಂಬ ನಿಯಮ 2018ರ ಜುಲೈಯಲ್ಲಿ ಬಂತು. ಆಮೇಲೆ ಇನ್ನೂ ಬಿಗಿ ಮಾಡಿದರು. ಅಲ್ಲಿ ಹಿಡಿಕೆ ಹೇಗಿದೆ, ಸ್ಟಾಕ್ ಮಡಚುತ್ತದೆಯೇ ಎಂಬುದರ ಮೇಲೂ ರೈಫಲ್ ನಿಷಿದ್ಧವೋ ಅಲ್ಲವೋ ಅಂತ ತೀರ್ಮಾನ. ನ್ಯೂಯಾರ್ಕ್‌ನಲ್ಲಿ ಸೆಮಿ ಆಟೊಮ್ಯಾಟಿಕ್ (ಟ್ರಿಗರ್ ಒತ್ತಿದಾಗೆಲ್ಲ ಒಂದು ಗುಂಡು ಹಾರಿ, ಮುಂದಿನದು ತಾನೇ ತುಂಬಿಕೊಳ್ಳುವ) ರೈಫಲ್ ಕೊಳ್ಳಲು 2022ರಿಂದ ಲೈಸೆನ್ಸ್ ಬೇಕು, ವಯಸ್ಸು 21. ಇಲಿನಾಯ್‌ನಲ್ಲಿ ಕೋವಿಯವರ ಗುರುತಿನ ಚೀಟಿ 1968ರಿಂದಲೂ ಇದೆ, ಜೊತೆಗೆ ಎಆರ್-15ರಂಥ ರೈಫಲ್‌ಗಳ ಮೇಲೆ 2023ರ ಜನವರಿಯ ನಿಷೇಧ. ವಾಷಿಂಗ್ಟನ್ ರಾಜ್ಯದಲ್ಲಿ 2023ರ ಏಪ್ರಿಲ್‌ನಿಂದ ಎಆರ್-15 ಮಾದರಿಯ ಮಾರಾಟವೇ ಇಲ್ಲ. ಟೆಕ್ಸಾಸ್, ಅರಿಜೋನಾಗಳಲ್ಲಿ ಫೆಡರಲ್ ಕಾನೂನು ಬಿಟ್ಟರೆ ರಿಸೀವರ್‌ಗೆ ಅಂತ ಬೇರೆ ನಿಯಮವಿಲ್ಲ.

ಈಗ ನಮ್ಮ ಹುಡುಗ ಹುಡುಗಿಯರನ್ನು ನೆನೆಸಿಕೊಳ್ಳಿ. ಎರಡು ವರ್ಷ ಆಸ್ಟಿನ್, ಆಮೇಲೆ ಸಿಯಾಟಲ್, ಅಲ್ಲಿಂದ ಸ್ಯಾನ್ ಹೊಸೆ. ಪ್ರಾಜೆಕ್ಟ್ ಎಲ್ಲಿಗೆ ಕರೆದರೆ ಅಲ್ಲಿಗೆ. ಟೆಕ್ಸಾಸ್‌ನಲ್ಲಿ ಸರಿಯಾಗಿ ಕೊಂಡು, ಸರಿಯಾಗಿ ಜೋಡಿಸಿದ ರೈಫಲ್ ಟ್ರಕ್ಕಿನಲ್ಲಿ ಮಂಚ ಮೇಜಿನ ಜೊತೆ ಹೊರಡುತ್ತದೆ. ಹಾದುಹೋಗುವ ದಾರಿಯಲ್ಲಿ ಗುಂಡು ತುಂಬದೆ, ಬೀಗ ಹಾಕಿ ಒಯ್ಯುವವರಿಗೆ 1986ರ ಕಾನೂನಿನ ರಕ್ಷಣೆ ಇದೆ. ತಲುಪಿದ ರಾಜ್ಯದಲ್ಲಿ ಇಟ್ಟುಕೊಳ್ಳುವುದಕ್ಕೆ ಆ ರಕ್ಷಣೆ ಇಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರು 60 ದಿನದೊಳಗೆ ತಮ್ಮ ಕೋವಿಗಳ ವಿವರ ಕೊಡಬೇಕು, ನಿಷಿದ್ಧವಾದದ್ದನ್ನು ತರುವಂತೆಯೇ ಇಲ್ಲ. ನನ್ನ ಅಕ್ಕನ ಮಗ ಹೀಗೇ ಊರು ಬದಲಿಸುವಾಗ ಹೊರಡುವ ಹಿಂದಿನ ರಾತ್ರಿ ಫೋನ್ ಮಾಡಿದ. ‘ಚಿಕ್ಕಮ್ಮ, ಬಿಚ್ಚಿ ಎರಡು ಪೆಟ್ಟಿಗೆಯಲ್ಲಿ ಹಾಕಿದರೆ ಪರವಾಗಿಲ್ವಾ?’ ಅಂತ. ಹಾಗೆ ಆಗುವುದಿಲ್ಲ ಮಗಾ, ಲೋವರ್ ಇರುವ ಪೆಟ್ಟಿಗೆಯೇ ಕಾನೂನಿಗೆ ಕೋವಿ ಅಂತ ಹೇಳಿದೆ. ಹೊರಡುವ ಮುಂಚೆ ಅದನ್ನು ಅಲ್ಲಿನ ಡೀಲರ್‌ಗೇ ಮಾರಿ ಹೋದ. ಗ್ರೀನ್ ಕಾರ್ಡ್ ಇದ್ದ ಹುಡುಗ. ಅವನಿಗೆ ಆ ನಷ್ಟ ದೊಡ್ಡದಲ್ಲ ಅಂತ ನಾನೇ ಒತ್ತಾಯ ಮಾಡಿದೆ.

ಯಾಕೆಂದರೆ ಪ್ರಜೆಗಳಿಗೆ ಆಗುವ ಶಿಕ್ಷೆಯೇ ಬೇರೆ, ಇತರರಿಗೆ ಆಗುವುದೇ ಬೇರೆ. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಕಳಿಸಲು ವಲಸೆ ಕಾನೂನಿನಲ್ಲಿ ಅವಕಾಶವಿದೆ. ಹದಿನೈದು ವರ್ಷ ಕಾದು ಪಡೆದ ಕಾರ್ಡ್ ಒಂದು ಅಲ್ಯೂಮಿನಿಯಂ ತುಂಡಿಗೆ ಹೋಗಬಹುದು.

ಇನ್ನು ಎಚ್-1ಬಿ, ಎಚ್-4, ಎಫ್-1, ಎಲ್-1 ವೀಸಾದವರು. ದಯವಿಟ್ಟು ಈ ಭಾಗವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಇವೆಲ್ಲ ನಾನ್-ಇಮಿಗ್ರಂಟ್, ಅಂದರೆ ಖಾಯಂ ವಾಸಕ್ಕಲ್ಲದ, ವೀಸಾಗಳು. ಇಂಥ ವೀಸಾದಲ್ಲಿ ಇರುವವರು ಬಂದೂಕನ್ನಾಗಲೀ ಗುಂಡನ್ನಾಗಲೀ ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಮುಂತಾದ ಕೆಲವೇ ವಿನಾಯಿತಿ. ರಿಸೀವರ್ ಒಂದೇ ಇದ್ದರೂ ಬಂದೂಕೇ ಅಂತ ಮೇಲೆ ಹೇಳಿದೆನಲ್ಲ, ಅದು ಇಲ್ಲಿಗೂ ಬರುತ್ತದೆ. ರೂಮ್‌ಮೇಟ್ ಜೊತೆ ಸೇರಿ ‘ಸುಮ್ನೆ ಒಂದು ಜೋಡಿಸೋಣ’ ಅನ್ನುವುದು ಸುಮ್ನೆ ಅಲ್ಲ. ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಕೋವಿ ಹಿಡಿದು ಗುಂಡು ಹಾರಿಸುವುದೂ ಇದರೊಳಗೇ ಬರುತ್ತದೆ. ಮಗನನ್ನು ನೋಡಲು ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರೂ ಇದೇ ಪಟ್ಟಿಯಲ್ಲಿದ್ದಾರೆ. ರೇಂಜಿನಲ್ಲಿ ರೈಫಲ್ ಹಿಡಿದು ನಿಂತ ಫೋಟೊ ಊರಿಗೆ ಕಳಿಸುವವರನ್ನು ನೋಡಿದಾಗ ನನಗೆ ಎದೆ ಧಸಕ್ಕೆನ್ನುತ್ತದೆ. ಈ ಅಪರಾಧಕ್ಕೆ 2022ರಿಂದ 15 ವರ್ಷದ ತನಕ ಸೆರೆವಾಸ ಇದೆ. ರೇಂಜಿನವರು ಕೇಳಲಿಲ್ಲ ಅನ್ನುವುದು ಉತ್ತರವಾಗುವುದಿಲ್ಲ.

ಇದನ್ನೆಲ್ಲ ಒಬ್ಬ ಸಾಮಾನ್ಯ ಓದುಗ ಎಲ್ಲಿ ತಿಳಿದುಕೊಳ್ಳಬೇಕು? ಎಟಿಎಫ್ ಎಲ್ಲ ರಾಜ್ಯಗಳ ಕಾನೂನು ಸೇರಿಸಿ ಒಂದು ಸಂಗ್ರಹ ಹೊರತರುತ್ತದೆ. ತೆರೆದು ನೋಡಿದ್ದೇನೆ. ಕಲಮು, ಉಪಕಲಮು, ‘ಮೇಲೆ ಹೇಳಿದ್ದನ್ನು ಹೊರತುಪಡಿಸಿ’. ವಕೀಲರಿಗೆ ಸರಿ. ಕೌಂಟರ್‌ನಲ್ಲಿ ನಿಂತ 19ರ ಹುಡುಗನಿಗೆ ಅದರಿಂದ ಏನೂ ಸಿಗುವುದಿಲ್ಲ. ಅವನಿಗೆ ಬೇಕಿರುವುದು ನಾಲ್ಕೇ ಪ್ರಶ್ನೆಗೆ ಉತ್ತರ. ಈ ರಾಜ್ಯದಲ್ಲಿ ನಾನು ರಿಸೀವರ್ ಕೊಳ್ಳಬಹುದೇ? ಜೋಡಿಸಬಹುದೇ? ಜೋಡಿಸಿದ್ದನ್ನು ಇಟ್ಟುಕೊಳ್ಳಬಹುದೇ? ಬೇರೆ ರಾಜ್ಯಕ್ಕೆ ಮನೆ ಬದಲಿಸಿದರೆ ತೆಗೆದುಕೊಂಡು ಹೋಗಬಹುದೇ? ಪ್ರತಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಇದಕ್ಕೆ ಒಂದೇ ಹಾಳೆಯಲ್ಲಿ ಉತ್ತರ ಬರೆದು, ತಾರೀಖು ಹಾಕಿ, ಕೋರ್ಟ್ ಆದೇಶ ಬಂದಾಗೆಲ್ಲ ತಿದ್ದಿ ಡೀಲರ್‌ಗಳಿಗೆ ಕಳಿಸಬೇಕು. 4473 ಫಾರಂ ಜೊತೆ ಆ ಹಾಳೆಯನ್ನೂ ಕೈಗೆ ಕೊಡಬೇಕು. ನಮ್ಮ ಕ್ಷೇತ್ರದ ರಾಜ್ಯ ಪ್ರತಿನಿಧಿಗೆ ಇದನ್ನೇ ಬರೆದಿದ್ದೇನೆ. ರೈಫಲ್‌ಗೆ ಒಂದು ವಯಸ್ಸು, ಅದರ ಒಳಗಿನ ರಿಸೀವರ್‌ಗೆ ಇನ್ನೊಂದು ವಯಸ್ಸು ಎನ್ನುವುದನ್ನು ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸೇ ಸರಿಮಾಡಬೇಕು. 18 ಮಾಡುತ್ತಾರೋ 21 ಮಾಡುತ್ತಾರೋ, ಎರಡಕ್ಕೂ ಒಂದೇ ಮಾಡಲಿ. ನನ್ನನ್ನು ಕೇಳಿದರೆ 21.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವೀಸಾದವರಿಗೆ ಸಂಬಂಧಿಸಿದ ಮೇಲಿನ ಭಾಗವನ್ನಾದರೂ ದಯವಿಟ್ಟು ಕತ್ತರಿಸದೆ ಹಾಕಿ. ವಿದೇಶಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ನೀವು ಬ್ಯಾಂಕು, ವಿಮೆ, ಬಾಡಿಗೆ ಮನೆ ಬಗ್ಗೆ ಬರೆಯುತ್ತೀರಿ. ಅದರ ಜೊತೆ ಇದನ್ನೂ ಸೇರಿಸಿ. ಇಲ್ಲಿನ ಕನ್ನಡ ಸಂಘಗಳು ಯುಗಾದಿಗೆ, ರಾಜ್ಯೋತ್ಸವಕ್ಕೆ ಜನ ಸೇರಿಸುತ್ತವೆ. ಅಂಥ ದಿನ ವಲಸೆ ಕಾನೂನು ಗೊತ್ತಿರುವ ಒಬ್ಬ ವಕೀಲರನ್ನು ಅರ್ಧ ಗಂಟೆ ಕೂರಿಸಿ, ಹೊಸದಾಗಿ ಬಂದವರ ಪ್ರಶ್ನೆಗಳಿಗೆ ಉತ್ತರ ಕೊಡಿಸಲಿ. ನಮ್ಮ ಭಾಗದ ಸಂಘದವರ ಹತ್ತಿರ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ.

ಇಂತಿ,
ಕೊಡಗು ಮೂಲದ ಓದುಗಿ
ಬಕ್ಸ್ ಕೌಂಟಿ, ಪೆನ್ಸಿಲ್ವೇನಿಯಾ